ಮೂವತ್ತೊಂದನೆಯ ನಂಬರು

ಭಾನುವಾರ ಸಂಜೆ ಗ್ರಿಮ್ಸ್‌ಬಿಯ ಬೀದಿಗೆಲ್ಲ ಒಂದೇ ದನಿ.
ಕೆಳಗಿಂದ ಮೇಲಕ್ಕೆ ಎಣಿಸುವ ರೇಡಿಯೊ,
ಬಾಗಿಲ ಹಿಂದೆ ಮೀನು ನಾರುವ ಅಪ್ಪನ ಕೋಟು,
ಕ್ಯಾಸೆಟ್ಟಿನ ಕೆಂಪು ಗುಂಡಿಯ ಮೇಲೆ ನನ್ನ ಎರಡು ಬೆರಳು.

ಡೆನ್ಜಿಲ್ ಕ್ರಾಬ್‌ಟ್ರೀ ಬಂದದ್ದು ಒಂದೇ ವಾರ.
ನಮ್ಮೂರವನು, ಐಸ್ ಕಾರ್ಖಾನೆಯ ಹುಡುಗ,
ಮೂವತ್ತೊಂದನೆಯ ನಂಬರು.
ಮುಂದಿನ ವಾರ ಕಾದೆ.
ಮೂವತ್ತರಲ್ಲಿಲ್ಲ, ಇಪ್ಪತ್ತರಲ್ಲಿಲ್ಲ, ಹತ್ತರಲ್ಲೂ ಇಲ್ಲ.
ಇಲ್ಲದಷ್ಟೂ ಮೇಲೇರಿದ್ದಾನೆ ಎಂದೇ ನಂಬಿದೆ,
ಒಂದನೆಯ ಹಾಡು
ಇನ್ಯಾರದೋ ಗಂಟಲಲ್ಲಿ ಶುರುವಾಗುವ ತನಕ.

ಆ ಟೇಪಿನಲ್ಲಿ, ಎರಡನೇ ಚರಣದ ಮೇಲೆ, ಅಮ್ಮನ ಕೂಗು:
"ಗ್ಲೆನಿಸ್, ಬಟಾಣಿ ತಣ್ಣಗಾಗ್ತಿದೆ!"
ಹಾಡು ಕೆಡಿಸಿದಳೆಂದು
ಎರಡು ದಿನ ಮಾತು ಬಿಟ್ಟಿದ್ದೆ.

ಈಗ ಅವನಿಗೆ ಎಪ್ಪತ್ತೇಳು.
ತಿಂಗಳ ಮೊದಲ ಗುರುವಾರ, ಬಿಂಗೋ ಮುಗಿದ ಮೇಲೆ, ಅರ್ಧ ಗಂಟೆ.
ಮಿಂಚಿನ ಕೋಟು ಬರುವುದು ನನ್ನ ಲಾಂಡ್ರಿಗೇ.
ಜೇಬಿನಲ್ಲಿ ಪೆಪ್ಪರ್‌ಮಿಂಟು, ಬಸ್ ಪಾಸು,
ಯಾರೂ ಕೇಳದೆ ಉಳಿದ, ಸಹಿ ಹಾಕಿದ ಮೂರು ಫೋಟೋ.
ಉದುರಿದ ಚಮಕಿಗಳನ್ನು ಹೊಲಿದುಕೊಡುತ್ತೇನೆ,
ಬಿಲ್ಲಿನಲ್ಲಿ ಬರೆಯುವುದಿಲ್ಲ.

ಮೇಲಿನ ಸ್ವರ ಹತ್ತಿರ ಬಂತೋ,
ಮೈಕನ್ನು ನಮ್ಮತ್ತ ಚಾಚುತ್ತಾನೆ, ದಾನ ಕೊಡುವವನ ಹಾಗೆ.
ಮಂಡಿನೋವಿನವರು ನಾವೊಂದು ನಲವತ್ತು ಜನ
ಹೇಗೋ ಅದನ್ನು ಎತ್ತಿ ದಾಟಿಸುತ್ತೇವೆ.
ಎರಡನೇ ಚರಣದಲ್ಲಿ ಮಾತ್ರ ನಾನು ಬಾಯಿ ಮುಚ್ಚುತ್ತೇನೆ,
ಅಮ್ಮ ಕೂಗುವಷ್ಟು ಜಾಗ ಬಿಟ್ಟು.

ಡೆನ್ಜಿಲ್‌ಗೆ ಏನು ಗೊತ್ತು, ಪಾಪ.
ನಿಲ್ಲದೆ ಹಾಡಿಬಿಡುತ್ತಾನೆ.