ಚಳ್ಳೆಹಣ್ಣು

'ಚೀಟಿ ದುಡ್ಡು ಕೇಳಕ್ಕೋದ್ರೆ, ಸ್ವಾಮಿ,
ಚಳ್ಳೆಹಣ್ಣು ತಿನ್ನಿಸಿಬಿಟ್ಟ' ಅಂದಳು ಪಿಳ್ಳಮ್ಮ
ಚಿಂತಾಮಣಿ ಕೋರ್ಟಿನ ಕಟಕಟೆ ಹಿಡಿದು.

'ಎಷ್ಟು ಹಣ್ಣಮ್ಮಾ?' ಅಂದರು ಹೊಸ ಲಾಯರು.
ತಮಾಷೆಗಲ್ಲ.
ಸಾಹೇಬರು ತಲೆಯೆತ್ತದೆ
'ಮೋಸ ಅಂತ ಬರಕೊಳ್ಳಿ' ಅಂದರು.
ನಾನು ಟೈಪಿಸ್ಟು. ಎರಡೇ ಅಕ್ಷರ. ಹೊಡೆದೆ.

ಆದರೆ ನಾನು ತಿಂದಿದ್ದೇನೆ.
ಕೈವಾರದ ದಾರಿಯಲ್ಲಿ, ಸೋದರಮಾವನ ಹೊಲದ ಬದುವಿನಲ್ಲಿ,
ಗೋಲಿಯಷ್ಟು ಗಾತ್ರ, ಮಾಸಲು ಗುಲಾಬಿ ಬಣ್ಣ.
ಬಾಯಿಗಿಟ್ಟರೆ ಮೊದಲು ಸಿಹಿ. ಸಿಹಿಯೇ, ಸುಳ್ಳಲ್ಲ.
ಆಮೇಲೆ ಲೋಳೆ:
ತುಟಿಗೆ ತುಟಿ, ಬೆರಳಿಗೆ ಬೆರಳು,
ಉಗಿದರೆ ಹೋಗದು, ನುಂಗಿದರೆ ಇಳಿಯದು.
ಅದರಲ್ಲೇ ಗಾಳಿಪಟಕ್ಕೆ ಬಾಲ ಅಂಟಿಸುತ್ತಿದ್ದೆವು,
ಕಿತ್ತುಹೋದ ಲೆಕ್ಕದ ಪುಸ್ತಕಕ್ಕೆ ರಟ್ಟು.

ವೆಂಕಟರೋಣಪ್ಪ ಕುರ್ಚಿ ಹಾಕಿಸಿದನಂತೆ,
'ಅಕ್ಕಾ' ಅಂದನಂತೆ, ಟೀ ತರಿಸಿದನಂತೆ,
ಹೋದಾಗಲೆಲ್ಲ, ಹದಿನೆಂಟು ತಿಂಗಳು.
ಬೀದಿಗೆ ಬಂದು ನಾಲ್ಕು ಜನಕ್ಕೆ ಹೇಳೋಣವೆಂದರೆ
ಬಾಯಿ ಬರಲಿಲ್ಲವಂತೆ,
ಅವನ ಟೀ ಕುಡಿದ ಬಾಯಿ.
ಇದೆಲ್ಲ ನನ್ನ ಎರಡಕ್ಷರದೊಳಗೆ ಎಲ್ಲಿದೆ?

ಸಾಕ್ಷಿ ಮುಗಿದ ಮೇಲೆ ಹಾಳೆ ಓದಿ ಹೇಳಿದೆ.
ಹೆಬ್ಬೆಟ್ಟು ಎತ್ತಿದವಳು ಅಲ್ಲೇ ತಡೆದಳು.
'ನಾನಂದಿದ್ದು ಅದಲ್ವಲ್ಲಪ್ಪಾ?'
'ಅರ್ಥ ಅದೇ, ಕೂತ್ಕೊಳ್ಳಮ್ಮಾ' ಅಂದೆ,
ಸ್ಟೂಲು ಎಳೆದುಕೊಟ್ಟೆ.

ಒತ್ತಿದಳು.
ಪ್ಯಾಡಿನ ನೀಲಿ ಬೆರಳಿಗೆ ಅಂಟಿತು.
ಸೆರಗಿಗೆ ಒರೆಸಿಕೊಂಡಳು, ತಲೆಗೂದಲಿಗೆ ಒರೆಸಿಕೊಂಡಳು,
ಹೋಗಲಿಲ್ಲ.