ಒತ್ತಿನೊಳಗೆ ಕಲ್ಲುಹೂವು

ಭಾನುವಾರ ಬೆಳಿಗ್ಗೆ ಏಳಕ್ಕೆ
ದುರ್ಗದ ಕೋಟೆ ಬಾಗಿಲಲ್ಲಿ ಹನ್ನೊಂದು ಮಂದಿ.
ಐಟಿಐ ಹುಡುಗರು ನಾವು ಆರು,
ಉಳಿದವರು ಹಾಸ್ಟೆಲಿನ ಹುಡುಗೀರು.
ಹಾಜರಿ ಸಿಗ್ತದಂತೆ ಅಂತ ಬಂದದ್ದು, ಸುಳ್ಳೇಕೆ,
ಉಪ್ಪಿಟ್ಟಿನ ಆಸೆಯೂ ಇತ್ತು.

ಶಂಷಾದ್ ಮೇಡಂ ಚೀಲದಿಂದ ತೆಗೆದದ್ದು
ಪುಸ್ತಕವಲ್ಲ, ದಾರ.
ಒಬ್ಬೊಬ್ಬರಿಗೆ ಎರಡು ಮೊಳ, ತುದಿಗೆ ತುದಿ ಗಂಟು.
"ಕಣ್ಮುಚ್ಚಿ ಎಸೀರಿ. ಬಿದ್ದಲ್ಲಿ ಕೂತ್ಕೊಳ್ರಿ.
ಒಳಗಿರೋದೆಲ್ಲ ಇವತ್ತು ನಿಮ್ಮ ಸಂಸ್ಥಾನ.
ಎಣಿಸಿ ಬರೀರಿ. ಏನನ್ನೂ ಕೀಳಬ್ಯಾಡ್ರಿ."

ದಸ್ತಗೀರನದು ತುಂಬೆಗಿಡದ ಮೇಲೆ ಬಿತ್ತು,
ದುಂಬಿಗೆ ಹೆದರಿ ರಾಜ್ಯ ಬಿಟ್ಟೋಡಿದ ದೊರೆ.
ನಾಗವೇಣಿಯದರಲ್ಲಿ ಕೆಂಪು ಕತ್ತಿನ ಓತಿಕ್ಯಾತ,
ದಂಡ ಹೊಡೆಯುತ್ತಲೇ ದಂಡ ಕೇಳಿತು.
ನನ್ನದು ಬೋಳು ಬಂಡೆಗೆ.
ಏನೂ ಇಲ್ಲ ಮೇಡಂ, ಅಂದೆ.
ಬಗ್ಗಿ ನೋಡು, ಅಂದರು.

ಬಗ್ಗಿದೆ.
ಗಾದ್ರಿ, ಅಂತಿತ್ತು.

ಎರಡು ಮಳೆಗಾಲದ ಹಿಂದೆ
ಬೈಕಿನ ಕೀಲಿಯಲ್ಲಿ ನಾನೇ ಕೆತ್ತಿದ್ದು.
ಮೂರನೇ ಕ್ಲಾಸಿನಲ್ಲಿ ಒತ್ತು ಮರೆತು ಗಾದಿ ಅಂತ ಬರೆದು
ಇಡೀ ಶಾಲೆಗೆ ಹಾಸಿಗೆಯಾದವನು ನಾನು.
ಅದಕ್ಕೇ ಕಲ್ಲಲ್ಲಿ ಒತ್ತನ್ನು
ಮಿಕ್ಕೆಲ್ಲಕ್ಕಿಂತ ಆಳ ಕೊರೆದಿದ್ದೆ,
ಕೀಲಿ ಸೊಟ್ಟಗಾಗುವವರೆಗೆ.

ಆ ಕೊಂಕಿನಲ್ಲಿ ನೀರು ನಿಂತಿರಬೇಕು,
ಧೂಳು ಕೂತಿರಬೇಕು.
ಈಗ ಅಲ್ಲೊಂದು ಸಾಸಿವೆಕಾಳಿನಷ್ಟು
ಬೂದು ಹಸಿರು.
"ಕಲ್ಲುಹೂವು," ಅಂದರು ಮೇಡಂ
ಮಲಗಿದ ಕೂಸಿನ ಪಕ್ಕ ಮಾತಾಡುವ ಹಾಗೆ.
"ವರ್ಷಕ್ಕೆ ಒಂದು ಕೂದಲೆಳೆಯಷ್ಟು ಬೆಳೀತೈತೆ."
ಆಮೇಲೆ, "ಯಾವ ಪುಣ್ಯಾತ್ಮ ಕೆತ್ತಿದನೋ."

ಹಾಜರಿ ಇನ್ನೂ ಕರೆದಿರಲಿಲ್ಲ.
ನಾಗವೇಣಿ ಒಮ್ಮೆ ಬಂಡೆ ನೋಡಿದಳು, ಒಮ್ಮೆ ನನ್ನ.
ಓತಿಕ್ಯಾತ ಎಲ್ಲಿ ಹೋಯ್ತೋ, ಅಂತ ಎದ್ದು ಹೋದಳು.

ಹಾಳೆಯಲ್ಲಿ ಬರೆದೆ:
ಇರುವೆ ಹದಿನೇಳು, ಅದರಲ್ಲೊಂದು ಕುಂಟು.
ಹಿಕ್ಕೆ ನಾಲ್ಕು, ಆಡಿನದೋ ಮೊಲದ್ದೋ.
ಗರಿಕೆ, ಬಿರುಕಿನಲ್ಲಿ, ಮೂರೆಳೆ.
ಅಕ್ಷರ ಎರಡು.
ಕಲ್ಲುಹೂವು ಒಂದು.

ಮನಸ್ಸಲ್ಲೇ ಲೆಕ್ಕ ಹಾಕಿದೆ.
ಒತ್ತು ಪೂರ್ತಿ ತುಂಬೋಕೆ ಅದಕ್ಕೆ
ಐವತ್ತು ವರ್ಷವಾದರೂ ಬೇಕು.
ಅಷ್ಟೊತ್ತಿಗೆ ನನ್ನ ಹಲ್ಲು ಬಿದ್ದಿರ್ತವೆ,
ಬಂಡೆಯ ಬಾಯಲ್ಲಿ ನಾನು ಮತ್ತೆ ಗಾದಿ.
ನಗು ಬಂತು. ಬೇಜಾರೇನೂ ಆಗಲಿಲ್ಲ.

ದಾರ ಎತ್ತಿಕೊಂಡೆ, ಹೂವಿಗೆ ತಾಗದ ಹಾಗೆ.
ಹಾಳೆಯ ತಲೆಗೆ ಹೆಸರು ಬರೆದು ಕೊಡ್ರಿ, ಅಂದರು.
ಪೆನ್ನು ಸ್ವಲ್ಪ ತಡೆಯಿತು. ಬರೆದೆ.
ಓದಿದರು. ಕನ್ನಡಕ ತೆಗೆದು
ಸೆರಗಲ್ಲಿ ಒರೆಸಿ, ಮತ್ತೆ ಓದಿದರು.

"ಉಪ್ಪಿಟ್ಟು ಆರ್ತೈತೆ," ಅಂದರು,
"ನಡಿಯಪ್ಪಾ, ಗಾದ್ರಿ."
ಒತ್ತನ್ನು ಚೂರೂ ಬಿಡದೆ.