ನಿಮ್ಮ ಹೊಳಿ ಎಲ್ಲಿಗೆ ಹೋಗ್ತದ

ಭಾದ್ರಪದದಾಗ ಆಲಮಟ್ಟಿ ಕಟ್ಟಿಗೆ
ಕಿರ್ಗಿಸ್ತಾನದಿಂದ ಒಬ್ಬ ಇಂಜಿನಿಯರ್ ಬಂದಿದ್ದ.
ಹೆಸರು ಜುಮಾಬೆಕ್. ನನ್ನ ವಾರಿಗಿಯಾಂವ,
ಉಗರಿನ ಸಂದಿಯಾಗ ನನ್ನಂಗ ಗ್ರೀಸಿನ ಕಲಿ.

ಅಂವ ರಷ್ಯನ್ನಿನಾಗ ಅಂದದ್ದನ್ನ
ದಿಲ್ಲಿ ಹುಡುಗಿ ಹಿಂದಿ ಮಾಡ್ತಿದ್ಲು,
ಹಿಪ್ಪರಗಿ ಸಾಹೇಬ್ರು ಅದನ್ನ ಕನ್ನಡ ಮಾಡ್ತಿದ್ರು,
ನನ್ನ ತನಕ ಬರೂದ್ರಾಗ ಅದು
ಕಾಲವಿ ಕಡೀ ಹೊಲಕ್ಕ ಮುಟ್ಟೂ ನೀರಿನಷ್ಟ ಉಳೀತಿತ್ತು.
ಆದ್ರೂ ತಿಳೀತು.
ಗೇಟಿನ ಮಾತು ನೋಡ್ರಿ.

ಮಧ್ಯಾಹ್ನ ನನ್ನ ಟಿಫಿನ್ ಮುಚ್ಚಳ ಇಸಗೊಂಡು
ಶೇಂಗಾ ಹಿಂಡಿ ಹರವಿ, ಬೆರಳಿಲೆ ಗೆರಿ ಕೊರದ.
ಕಟಕ ರೊಟ್ಟಿ ಮುರದು ನಿಲ್ಲಿಸಿದ್ದೆಲ್ಲಾ ಗುಡ್ಡ,
ಗುಡ್ಡಾನ ದೇಶ. ಸಂದಿಯಾಗ ನಾರಿನ್ ಅನ್ನೂ ಹೊಳಿ,
ಅದರ ಕುತ್ತಿಗಿಗೆ ಅಂವನ ಕಟ್ಟಿ.

ಮುಂಚೆ ಸೋವಿಯತ್ ಅನ್ನೂದು ಕೂಡು ಮನಿ ಇತ್ತಂತ.
ಬ್ಯಾಸಗ್ಯಾಗ ಇವ್ರು ಕೆಳಗಿನವ್ರ ಹತ್ತಿಗೆ ನೀರು ಬಿಡೂದು,
ಥಂಡ್ಯಾಗ ಅವ್ರು ಇವ್ರ ಒಲಿಗೆ
ಕಲ್ಲಿದ್ದಲಿ, ಗ್ಯಾಸು ಕಳಸೂದು.
ಲೆಕ್ಕ ಬರಿಯಾಕ ಹಿರ್ಯಾ ಮಾಸ್ಕೋದಾಗ ಕುಂತಿದ್ದ.
ಒಂದಿನ ಹಿರ್ಯಾನ ಇಲ್ಲ.
ಪಾಲಾದ್ವು.
ಒಬ್ಬಗ ಹಗೇವು ಬಂತು, ಒಬ್ಬಗ ಕುಳ್ಳಿನ ಬಣವಿ,
ಬಾವಿ ಬಂದಾಂವ ಚಳಿಗೆ ನಡಗಾಕ ಹತ್ತಿದ.

ಇದನ್ನ ಹೇಳೂ ಮುಂದ ಸಾಹೇಬ್ರು ನಕ್ರು.
ಬಾಗೇವಾಡಿ ಕೋರ್ಟಿನಾಗ ಅವ್ರ ಅಣ್ಣತಮ್ಮರ ಕೇಸಿಗೆ
ಮೊನ್ನೆ ಹದಿನಾಲ್ಕು ತುಂಬಿತು.

ಈಗ ಥಂಡ್ಯಾಗ ಕರೆಂಟಿಗಂತ ನೀರು ಬಿಡ್ತಾರ,
ಕೆಳಗಿನವ್ರ ಹೊಲದಾಗ ಬರ್ಫ ನಿಲ್ತದ.
ಬ್ಯಾಸಗ್ಯಾಗ ಕೆಳಗಿನವ್ರು ಕೇಳ್ತಾರ, ಇವ್ರ ಕಡೆ ಇರೂದಿಲ್ಲ.
ಮಂತ್ರಿ ಫೋನು. ಮತ್ತೊಬ್ಬ ಮಂತ್ರಿ ಫೋನು.
ಗೇಟು ಎತ್ತಾಂವನ ಯಾರೂ ಕೇಳೂದಿಲ್ಲ.
ನಾ ಅಂದೆ: ಇಲ್ಲೂ ಹಂಗ.
ಸಾಂಗಲಿಯಾಗ ನೀರು ಏರಿದ್ರ ನಮಗ ಬೈತಾರ,
ರಾಯಚೂರಾಗ ನಳಾ ಒಣಗಿದ್ರೂ ನಮಗ.
ಸಾಹೇಬ್ರು ಇದನ್ನ ಹಿಂದಿಗೆ ದಾಟಿಸಲಿಲ್ಲ.

ರೈಲು? ಅದಾವು, ಅಂದ.
ಹೊರಗಿನಿಂದ ಬರ್ತಾವು, ಗುಡ್ಡದ ಬುಡಕ್ಕ ಬಂದು ನಿಲ್ತಾವು.
ನಮ್ಮ ಬಡಗಣದಿಂದ ನಮ್ಮ ತೆಂಕಣಕ್ಕ
ರೈಲಿನಾಗ ಹೋಗೂದಿದ್ರ ಪರದೇಶ ಹಾದು ಹೋಗಬೇಕು.
ಇಲ್ಲಾ ಒಂದ ರಸ್ತಾ, ಒಂದ ಘಾಟು,
ಹಿಮ ಬಿದ್ರ ಲಾರಿಯವ್ರು ಅಲ್ಲೇ ಚಹಾ ಕಾಸ್ಕೋತ ಕೂಡ್ತಾರ.

ನಿಮ್ಮೂರು ಯಾವುದು, ಅಂದ.
ಹಿನ್ನೀರಿಗೆ ಕೈ ಮಾಡಿದೆ.
ಮೇ ತಿಂಗಳಾಗ ನೀರು ಇಳದ್ರ
ನಮ್ಮಪ್ಪನ ಹಿಟ್ಟಿನ ಗಿರಣಿ ಕಟ್ಟಿ ಕಾಣ್ತದ,
ಕೊಕ್ಕರಿ ಕುಂತಿರ್ತಾವು.
ಹುಡುಗಿ ಬಾಯಿ ತೆರಿಯೂದ್ರಾಗ
ಅಂವ ತನ್ನ ಎದಿ ಮುಟ್ಟಿಕೊಂಡು
ಮುಚ್ಚಳದಾಗ, ಅವನ ಕಟ್ಟಿಯ ಹಿಂದ,
ಒಂದು ಶೇಂಗಾ ಚೂರಿನ ಮ್ಯಾಲ ಬೆರಳು ಊರಿದ.

ಆಮ್ಯಾಲ ಕೇಳಿದ: ನಿಮ್ಮ ಹೊಳಿ ಎಲ್ಲಿಗೆ ಹೋಗ್ತದ?
ಮೂಡಲ ಸಮುದ್ರಕ್ಕ, ಅಂದೆ.
ಅಂವ ತನ್ನ ಹೊಳೀನ ಎಳಕೋತ ಹೋದ,
ಒಂದು ದೇಶ, ಇನ್ನೊಂದು ದೇಶ, ಮತ್ತೊಂದು,
ಹೆಸರು ಬ್ಯಾರೆ ಆತು, ನೀರು ಕಡಿಮಿ ಆತು,
ಅಂಚು ಮುಟ್ಟೂ ಮೊದಲ ಬೆರಳು ನಿಂತಿತು.
ಇಲ್ಲಿ ಒಂದು ಕಡಲ ಇತ್ತು, ಅಂದ.
ಹಿಂಡಿ ಒರಸಿದಲ್ಲಿ ಬರೇ ಸ್ಟೀಲು.

ನೀ ಸಮುದ್ರ ನೋಡೀಯೇನು?
ಇಪ್ಪತ್ತು ವರ್ಷ ಅದಕ್ಕ ನೀರು ಕಳಿಸೇನಿ,
ಬುಕ್ಕಿನಾಗ ಕ್ಯೂಸೆಕ್ ಬರದು ಸಹಿ ಹಾಕೇನಿ.
ನೋಡಿಲ್ರಿ, ಅಂದೆ.
ಅಂವ ನೋಡಿದ್ದ, ಮೊನ್ನೆ,
ಮುಂಬೈಗೆ ಇಳಿಯೂ ಮುಂದ, ವಿಮಾನದ ಖಿಡಕ್ಯಾಗಿಂದ.
ಹೆಂಗದ?
ರಷ್ಯನ್ನಿನಾಗ ಭಾಳೊತ್ತು ಮಾತಾಡಿದ,
ಎರಡೂ ಕೈ ಎತ್ತಿದ, ಒಮ್ಮೆ ಕಣ್ಣು ಮುಚ್ಚಿದ.
ಹುಡುಗಿ ಹಿಂದ್ಯಾಗ ಎರಡು ಮಾತು ಅಂದ್ಲು.
ಸಾಹೇಬ್ರು ನನ್ನ ಕಡೆ ತಿರುಗಿ,
ದೊಡ್ಡದು ಅಂತ, ಅಂದ್ರು.

ಅಷ್ಟರಾಗ ಸೈರನ್. ಒಂಬತ್ತನೇ ಗೇಟು, ಅರ್ಧ ಮೀಟರು.
ಅಂವ ಕಟಾಂಜನ ಹಿಡಕೊಂಡು ನೋಡಿದ,
ಬಸ್ ಸ್ಟ್ಯಾಂಡಿನಾಗ ನಿಂತು ನೋಡಿದಂಗ,
ಬಿಳೇ ನೀರು ಹೊರಟಿದ್ದನ್ನ.

ರಾತ್ರಿ ಪಾರವ್ವ ಟಿಫಿನ್ ಬಿಚ್ಚಿ ಅಂದ್ಲು,
ಹಿಂಡಿ ಯಾಕ ಉಳಿಸೀರಿ?
ಉಪ್ಪು ಹೆಚ್ಚಾಗಿತ್ತೇನು?